ನಮ್ಮ ಕ್ಲಬ್ಬು ಫೈನಲ್ ತಲುಪಿದ್ದು

ನಮ್ಮ ಕೇರಿಯ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಬರೆಯಲು ನನಗಿಂತ ಯೋಗ್ಯನಾದವನು ಇನ್ನೊಬ್ಬನಿಲ್ಲ. ಹದಿಮೂರು ವರ್ಷ ಅದರ ಗೋಲ್‌ಕೀಪರ್ ಆಗಿದ್ದೆ, ಒಂಬತ್ತು ವರ್ಷ ಸೆಕ್ರೆಟರಿ ಆಗಿದ್ದೆ, ಕೊನೆಗೆ ಅದನ್ನು ಮುಗಿಸಿದವನೂ ನಾನೇ. ಈಚೆಗೆ ಹೊನ್ನಾವರದಿಂದ ಇಬ್ಬರು ಮಾಸ್ತರರು ಬಂದಿದ್ದರು. ಈ ಕಡೆಯ ಹಳೆಯ ತಂಡಗಳ ಬಗ್ಗೆ ಏನೋ ಪುಸ್ತಕ ಮಾಡುತ್ತಾರಂತೆ. "ನಿಮ್ಮ ಕ್ಲಬ್ಬು ಒಂದು ಸಲ ಫೈನಲ್ ತಲುಪಿತ್ತಂತಲ್ಲ, ಅದರ ಬಗ್ಗೆ ನಾಲ್ಕು ಸಾಲು ಬರೆದುಕೊಡಿ" ಎಂದರು. ಆಗಲಿ ಎಂದು ಚಹಾ ಕುಡಿಸಿ ಕಳಿಸಿದೆ. ನಾಲ್ಕು ಸಾಲಿನಲ್ಲಿ ಮುಗಿಯುವ ಮಾತಾಗಿದ್ದರೆ ಯಾವತ್ತೋ ಹೇಳಿಬಿಡುತ್ತಿದ್ದೆ.

ಹೊನ್ನಾವರದಿಂದ ಭಟ್ಕಳದ ದಿಕ್ಕಿಗೆ ಹೋಗುವಾಗ, ಅಪ್ಸರಕೊಂಡಕ್ಕಿಂತ ಮೊದಲೇ ರಸ್ತೆ ಬಿಟ್ಟು ಕಡಲಿಗೆ ಇಳಿದರೆ ನಮ್ಮ ಕೇರಿ. ಎಂಬತ್ತು ಚಿಲ್ಲರೆ ಮನೆ, ಎಲ್ಲವೂ ಮೀನಿನ ಮನೆಗಳೇ. ಮಳೆಗಾಲ ಹಿಡಿಯಿತೆಂದರೆ ದೋಣಿಗಳನ್ನು ಮೇಲೆ ಎಳೆದು ತೆಂಗಿನ ಗರಿ ಹೊದೆಸುತ್ತಿದ್ದರು. ಅವು ಮತ್ತೆ ಕಡಲು ಕಾಣುವುದು ನೂಲಹುಣ್ಣಿಮೆಗೆ, ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೆ. ಆ ಎರಡು ಎರಡೂವರೆ ತಿಂಗಳು ಗಂಡಸರಿಗೆ ಕೆಲಸವಿಲ್ಲ. ಕೆಲಸವಿಲ್ಲದ ಗಂಡಸರು ಜಗಳ ಆಡುತ್ತಾರೆ, ಇಲ್ಲವೇ ಕುಡಿಯುತ್ತಾರೆ. ನಮ್ಮವರು ಎರಡನ್ನೂ ಮಾಡಿ, ಉಳಿದ ಹೊತ್ತಿನಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಬೇರೆ ಊರಿನವರಿಗೆ ಇದು ಬಿಸಿಲಿನ ಆಟ. ನಮಗೆ ಕೆಸರಿನ ಆಟ.

ಚೆಂಡು ತಂದವನು ನನ್ನ ಸೋದರಮಾವ. ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕೆಲವು ವರ್ಷ ದುಡಿದು, ಅಲ್ಲಿಯ ನೀರು ಮೈಗೆ ಹಿಡಿಯದೆ ವಾಪಸು ಬಂದವನು. ಟ್ರಂಕಿನಲ್ಲಿ ಹೆಂಡತಿಗೊಂದು ಸೀರೆ, ಕೇರಿಗೊಂದು ಚರ್ಮದ ಚೆಂಡು. ಕ್ಲಬ್ಬು ಕಟ್ಟಿದ ಐದನೇ ವರ್ಷಕ್ಕೆ ಮಾವ ಜ್ವರ ಬಂದು ಸತ್ತ. ಆಮೇಲೆ ಕ್ಲಬ್ಬನ್ನು ಉಳಿಸಿದ್ದು ಅವನ ಮಗ, ನನ್ನ ಭಾವ. ನನಗಿಂತ ಒಂದು ವರ್ಷ ದೊಡ್ಡವನು. ನಮ್ಮ ಸೆಂಟರ್ ಫಾರ್ವರ್ಡ್, ಒಂಬತ್ತು ನಂಬರಿನ ಬನಿಯನ್ನು ಅವನದು. ಹೊನ್ನಾವರದಲ್ಲಿ, ಕುಮಟೆಯಲ್ಲಿ, ಭಟ್ಕಳದಲ್ಲಿ ಜನ ನಮ್ಮ ಆಟ ನೋಡಲು ಬರುತ್ತಿದ್ದರೆಂದರೆ ಅವನೊಬ್ಬನನ್ನು ನೋಡಲು. ಉಳಿದ ಹತ್ತು ಜನ ಹನ್ನೊಂದು ತುಂಬಿಸಲು ನಿಂತವರು, ನನ್ನನ್ನೂ ಹಿಡಿದು.

ನಮಗೆ ತರಬೇತಿ ಅಂತ ಬೇರೆ ಇರಲಿಲ್ಲ, ರಂಪಣಿ ಎಳೆದದ್ದೇ ತರಬೇತಿ. ರಂಪಣಿ ಎಂದರೆ ಅರ್ಧ ಮೈಲು ಉದ್ದದ ದೊಡ್ಡ ಬಲೆ. ದೋಣಿಯಲ್ಲಿ ಕಡಲನ್ನು ಸುತ್ತು ಹಾಕಿ ಬಿಟ್ಟು, ಎರಡು ತುದಿಯ ಹಗ್ಗವನ್ನು ದಂಡೆಯ ಮೇಲೆ ನೂರಾರು ಜನ ನಿಂತು ಎಳೆಯಬೇಕು. ಆ ಬಲೆ ಒಬ್ಬನ ಸ್ವತ್ತಲ್ಲ. ಕೇರಿಯ ಒಂದೊಂದು ಮನೆಯವರೂ ಒಂದೊಂದು ತುಂಡು ಹೆಣೆದು ತಂದು, ಎಲ್ಲ ತುಂಡುಗಳನ್ನೂ ಸೇರಿಸಿ ಹೊಲಿದು ಆದ ಬಲೆ. ನನ್ನ ಅಪ್ಪ ಅದರ ತಂಡೇಲ. ಯಾವಾಗ ಬಲೆ ಬಿಡಬೇಕು, ಯಾವಾಗ ಎಳೆಯಬೇಕು ಎಂದು ಹೇಳುವವನು. ಅಪ್ಪ ಕೈ ಎತ್ತಿದರೆ ನೂರು ಜನ ಎಳೆಯುತ್ತಿದ್ದರು, ಇಳಿಸಿದರೆ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಮಾತ್ರ ಅವ್ವ ಕೈ ಎತ್ತದೆಯೂ ಅಪ್ಪ ನಿಲ್ಲಿಸುತ್ತಿದ್ದ.

ಕ್ಲಬ್ಬಿಗೆ ಇನ್ನೊಂದು ಪದ್ಧತಿ ಇತ್ತು, ಅದು ಅತ್ತೆಯ ಪದ್ಧತಿ. ಅತ್ತೆ ಎಂದರೆ ಮಾವನ ಹೆಂಡತಿ, ಭಾವನ ಅಮ್ಮ. ನಮ್ಮ ಕಡೆ ಯಾವ ಊರಿನ ತಂಡ ಆಡಲು ಬಂದರೂ, ಸೋಲಲಿ ಗೆಲ್ಲಲಿ, ಅವರನ್ನು ಊಟ ಹಾಕದೆ ಕಳಿಸುವಂತಿರಲಿಲ್ಲ. ಕುಚ್ಚಲಕ್ಕಿ ಗಂಜಿ, ಒಣಶೆಟ್ಲಿ ಎಂಬ ಒಣಸಿಗಡಿಯ ಚಟ್ನಿ, ಸುಟ್ಟ ಬಂಗಡೆ. ಕೆಸರಾದ ಇಪ್ಪತ್ತೆರಡು ಗಂಡಸರು ಅವಳ ಜಗಲಿಯ ಮೇಲೆ ಸಾಲಾಗಿ ಕೂತು ಸುರ್ರನೆ ಗಂಜಿ ಕುಡಿಯುತ್ತಿದ್ದರು. ಭಟ್ಕಳದವರು ಹೆಸರುವಾಸಿ ತಂಡ. ಮನೆಗೊಬ್ಬರು ದುಬಾಯಿಯಲ್ಲಿದ್ದರು, ಕಾಲಿಗೆ ನಿಜವಾದ ಬೂಟು ಇತ್ತು, ನಾವು ಬರಿಗಾಲವರು. ಪ್ರತಿ ವರ್ಷ ನಮ್ಮನ್ನು ಮೂರೋ ನಾಲ್ಕೋ ಗೋಲಿನಿಂದ ಸೋಲಿಸಿ, ಆಮೇಲೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಅತ್ತೆಯ ಅಂಗಳಕ್ಕೆ ಬರುತ್ತಿದ್ದರು. ಅವರು ಅವಳಿಗೆ ಇಟ್ಟ ಹೆಸರು 'ಗಂಜಿ ಅಮ್ಮ'. ಅವರ ಕ್ಯಾಪ್ಟನ್ ಎತ್ತರದ ಮನುಷ್ಯ, ಬಟ್ಟೆ ಅಂಗಡಿಯವನು. ಅವನು ಒಂದು ಸಲ, "ಗಂಜಿ ಅಮ್ಮ, ನಾವು ನಿಮ್ಮ ಮಗನನ್ನ ನಮ್ಮ ತಂಡಕ್ಕೆ ಒಯ್ತೇವೆ" ಎಂದಾಗ ಅತ್ತೆ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ. "ಒಯ್ಯಿ ಮಾರಾಯಾ. ಅವ ತಿನ್ನೂದು ನೋಡಿದ್ಮೇಲೆ ನೀನೇ ವಾಪಸ್ ತಂದು ಬಿಡ್ತೆ."

ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಇಂಜಿನಿನ ಬೋಟು, ನೈಲಾನಿನ ಬಲೆ. ಮೀನಿನ ಹಿಂಡು ದಂಡೆಗೆ ಬರುವ ಮೊದಲೇ ನಡುಗಡಲಲ್ಲಿ ಅದನ್ನು ಸುತ್ತುಗಟ್ಟಿ ಚೀಲ ಕಟ್ಟಿದ ಹಾಗೆ ಕಟ್ಟಿ ಎತ್ತಿಬಿಡುತ್ತಿದ್ದವು. ನಮ್ಮ ರಂಪಣಿಗೆ ಮೊದಲ ವರ್ಷ ಬಂಗಡೆ ಕಡಿಮೆಯಾಯಿತು, ಎರಡನೇ ವರ್ಷ ತಾರ್ಲೆಯೂ ಇಲ್ಲ. ನೂರು ಜನ ಬೆಳಿಗ್ಗೆಯಿಂದ ಎಳೆದರೆ ಬಲೆಯ ತುಂಬ ಲೋಳೆಮೀನು. ಅಪ್ಪ ಕೈ ಇಳಿಸಿ ಮರಳಿನ ಮೇಲೆ ಕೂತುಬಿಟ್ಟದ್ದನ್ನು ನಾನು ಆಗಲೇ ಮೊದಲು ನೋಡಿದ್ದು. ಕೇರಿಗೆ ಪರ್ಸೀನ್ ಎಂಬ ಶಬ್ದವೇ ಬೈಗುಳವಾಯಿತು. ಆ ಬೋಟಿಗೆ ಹೋದವನನ್ನು ಮನುಷ್ಯನೆಂದು ಎಣಿಸುವುದಿಲ್ಲ ಎಂದು ಹಿರಿಯರು ಕೂತು ಮಾತಾಡಿಕೊಂಡರು.

ಭಾವ ಹೋದ. ಯಾಕೆ ಹೋದ ಎಂಬುದು ನನಗೆ ಗೊತ್ತಿತ್ತು, ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ. ಅತ್ತೆಗೆ ಎದೆಯ ಕಾಯಿಲೆ. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ದೂರದ ದೊಡ್ಡಾಸ್ಪತ್ರೆಗೆ ಒಯ್ಯಬೇಕು, ರಂಪಣಿಯ ಪಾಲಿನ ಲೋಳೆಮೀನು ತೋರಿಸಿದರೆ ಡಾಕ್ಟರು ಔಷಧಿ ಕೊಡುವುದಿಲ್ಲ. ಹೋಗುವ ಮುನ್ನಾ ದಿನ ಅವನು ನನಗೆ ಹೇಳಿಯೇ ಹೋದ. "ಎಂತ ಮಾಡೂದು ಹೇಳು. ಅಪ್ಪಯ್ಯನ ಮುಖ ನೋಡೂಕಾಗ್ದು ನಂಗೆ, ನೀ ಒಂಚೂರು ಹೇಳು" ಎಂದ. ನನ್ನ ಅಪ್ಪನನ್ನು ಅವನೂ ಅಪ್ಪಯ್ಯ ಎಂದೇ ಕರೆಯುತ್ತಿದ್ದ. ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅಪ್ಪನ ಸಿಟ್ಟು ಇಳಿಯಲಿ ಅಂತ ಕಾದೆ, ಅಷ್ಟರಲ್ಲಿ ಕೇರಿಯೇ ಹೇಳಿಬಿಟ್ಟಿತು.

ಮೊದಲು ಆದದ್ದು ಬಲೆಯ ಕೆಲಸ. ರಂಪಣಿಯಿಂದ ಅವನ ಮನೆಯ ತುಂಡನ್ನು ಹೊಲಿಗೆ ಬಿಚ್ಚಿ ತೆಗೆದರು. ತೆಗೆದದ್ದು ಅಪ್ಪನೇ. ಆ ತುಂಡನ್ನು ಚೊಕ್ಕ ಮಡಚಿ, ಹೊತ್ತುಕೊಂಡು ಹೋಗಿ, ಅತ್ತೆಯ ಮನೆಯ ಬೇಲಿಯ ಮೇಲೆ ಇಟ್ಟು ಬಂದ. ಅವತ್ತು ಮಧ್ಯಾಹ್ನ ಅಪ್ಪ ಉಣ್ಣಲಿಲ್ಲ. ಸಂಜೆ ನನ್ನನ್ನು ಕರೆದು, "ಅವ ಪರ್ಸೀನ್ ಹತ್ತಿದ. ಇನ್ನ ಆಟಕ್ಕೆ ಕರೂಕೆ ಹೋಗ್ಬೇಡಿ. ಅಷ್ಟೇಯ" ಎಂದ.

ಅಷ್ಟೇ. ಅಪ್ಪ ಹೇಳಿದ್ದು ಅಷ್ಟೇ, ಆಟಕ್ಕೆ ಕರೆಯಬೇಡಿ ಎಂದು. ಮುಂದಿನದೆಲ್ಲ ನನ್ನದು.

ನಾನು ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲಿಗ. ಎಲ್ಲರ ಅರ್ಜಿ ನಾನೇ ಬರೆಯುತ್ತಿದ್ದೆ. ಮಾಮಲೇದಾರ ಕಚೇರಿಯ ಕಾರಕೂನರೊಬ್ಬರು ಒಮ್ಮೆ "ಭಾಷೆ ಚೊಲೋ ಉಂಟು" ಎಂದಿದ್ದರು, ಆ ಮಾತು ತಲೆಗೆ ಏರಿ ಇಳಿಯದೆ ಕೂತಿತ್ತು. ಕ್ಲಬ್ಬಿನ ಠರಾವು ಪುಸ್ತಕ ನನ್ನ ಹತ್ತಿರ. ಸಾಮಾನ್ಯವಾಗಿ ಅದರಲ್ಲಿ 'ಹೊಸ ಚೆಂಡು ತರತಕ್ಕದ್ದು' 'ಗೋಲಿನ ಬಲೆ ಹರಿದಿದೆ' ಎಂಬಂಥ ಬಡ ಸಾಲುಗಳು. ಆವತ್ತು ಕೂತು ಬರೆದೆ: 'ಪರ್ಸೀನ್ ಬೋಟಿನಲ್ಲಿ ದುಡಿಯುವ ಯಾವ ಆಟಗಾರನೂ ಇಂದಿನಿಂದ ಕ್ಲಬ್ಬಿನವನಲ್ಲ.' ಅಲ್ಲಿಗೆ ನಿಲ್ಲಿಸಬಹುದಿತ್ತು. ಓದಿ ನೋಡಿದೆ, ಬೋಳು ಅನ್ನಿಸಿತು. ಕೆಳಗೆ ಇನ್ನೊಂದು ವಾಕ್ಯ ಸೇರಿಸಿದೆ: 'ಅಂಥವನ ಮನೆಯ ಮೆಟ್ಟಿಲನ್ನು ಸುಖದಲ್ಲಾಗಲಿ ದುಃಖದಲ್ಲಾಗಲಿ ನಮ್ಮಲ್ಲಿ ಯಾರೂ ತುಳಿಯತಕ್ಕದ್ದಲ್ಲ.' 'ಸುಖದಲ್ಲಾಗಲಿ ದುಃಖದಲ್ಲಾಗಲಿ' ಎಂಬುದು ನನಗೆ ತುಂಬ ಹಿಡಿಸಿತು. ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಮರುದಿನ ಬಲೆ ಒಣಗಿಸುವ ಬಯಲಿನಲ್ಲಿ ಎಲ್ಲರ ಎದುರು ಓದಿದೆ. ಕ್ಲಬ್ಬಿನವರು ಮಾತ್ರವಲ್ಲ, ಇಡೀ ಕೇರಿಯೇ ಅಲ್ಲಿತ್ತು. ಅಪ್ಪ ನನ್ನ ಮುಖವನ್ನೇ ನೋಡಿದ. ಎರಡನೇ ವಾಕ್ಯ ಎಲ್ಲಿಂದ ಬಂತೆಂದು ಅವನಿಗೂ ತಿಳಿದಿರಲಿಲ್ಲ. ಆದರೆ ತಂಡೇಲನ ಮಗ ತಂಡೇಲನ ಎದುರೇ ನಿಂತು ಓದಿದ ಮೇಲೆ ಅದು ತಂಡೇಲನ ಮಾತೇ ಆಯಿತು. ಇಲ್ಲ, ಹಾಗಲ್ಲ ಎಂದು ಎಲ್ಲರೆದುರು ಮಗನ ಮರ್ಯಾದೆ ತೆಗೆಯಲು ಅಪ್ಪನಿಗೆ ಆಗಲಿಲ್ಲ. ಹಿರಿಯರು ಒಬ್ಬೊಬ್ಬರೇ ಆಗಬಹುದು ಎಂದು ತಲೆ ಆಡಿಸಿದರು. ಹನ್ನೊಂದು ಜನರ ಕ್ಲಬ್ಬಿನ ಠರಾವು ಎಂಬತ್ತು ಮನೆಯ ಬಹಿಷ್ಕಾರವಾಯಿತು.

ಅವ್ವ ಮಾತ್ರ ಒಪ್ಪಲಿಲ್ಲ. ಅತ್ತೆ ಅವಳ ಅಣ್ಣನ ಹೆಂಡತಿ. ಆವತ್ತು ಸಂಜೆಯೇ ಒಂದು ಪಾತ್ರೆ ಮೀನುಸಾರು ಹಿಡಿದು ಹೊರಟಳು. ನಾನು ಅಡ್ಡ ನಿಂತು ಠರಾವಿನ ಮಾತು ಎತ್ತಿದೆ. "ನಂಗೆ ಓದೂಕೆ ಬರೂದಿಲ್ಲ ಮಗಾ" ಎಂದು ನನ್ನನ್ನು ಬದಿಗೆ ಸರಿಸಿ ಹೋದಳು.

ನಾನು ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ, ಆಮೇಲೆ ನಾನೇ ಒಂದು ಒಳ್ಳೆಯ ವಾಕ್ಯ ಬರೆದು ಸರಿಮಾಡುತ್ತೇನೆ ಅಂತ ಅಂದುಕೊಂಡಿದ್ದೆ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಭಾವ ರಸ್ತೆಯಲ್ಲಿ ಎದುರಾದರೆ ನಾನು ಸೈಕಲ್ಲಿನ ಸರಪಳಿ ಬಿದ್ದಿದೆಯೇನೋ ಎಂಬಂತೆ ಬಗ್ಗುತ್ತಿದ್ದೆ. ಅವನು ಕಾಯುತ್ತಲೂ ಇರಲಿಲ್ಲ, ದಾಟಿ ಹೋಗುತ್ತಿದ್ದ.

ಒಂದು ದಿನ ಅತ್ತೆ ಸಿಕ್ಕಿದಳು. ಬೇಲಿಯ ಬದಿ ನಿಂತು ಉಸಿರು ಕೂಡಿಸಿಕೊಳ್ಳುತ್ತಿದ್ದಳು. ಅರ್ಧ ಆಗಿದ್ದಳು. ನನ್ನನ್ನು ನೋಡಿ ನಕ್ಕಳು. "ಮೆಟ್ಲು ಹತ್ಬೇಡ ಅಂತ ನೀನೇ ಬರದ್ಯಂತೆ, ಅಲ್ದಾ ಮಗಾ? ಆತು. ಅಂಗಳದಲ್ಲಿ ಕೂಕೊ. ಅಂಗಳದ್ದು ಎಂತೂ ಬರೀಲಿಲ್ಲಲ್ಲ. ಅಲ್ಲೇ ಗಂಜಿ ಬಡಸ್ತೆ." ಅವಳು ತಮಾಷೆ ಮಾಡಲಿಲ್ಲ, ನಿಜವಾಗಿ ಕರೆದಳು. ನಾನು "ಸ್ವಲ್ಪ ಕೆಲಸ ಉಂಟು ಅತ್ತೆ" ಎಂದೆ. ನನಗೆ ಯಾವ ಕೆಲಸವೂ ಇರಲಿಲ್ಲ. ರಸ್ತೆಯ ತಿರುವು ದಾಟಿ ಒಂದು ಮರದ ಬುಡದಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತಿದ್ದೆ.

ಆ ಮಳೆಗಾಲದಲ್ಲಿ ನಮ್ಮ ಕೇರಿಯಿಂದ ಒಂದು ಮೈಲು ದೂರದ ಶಾಲೆಯ ಮೈದಾನದಲ್ಲಿ ಟೂರ್ನಮೆಂಟು. ವಿಚಿತ್ರವೆಂದರೆ ಭಾವ ಇಲ್ಲದೆ, ಅವನ ಜಾಗಕ್ಕೆ ಕೇರಿಯ ಒಬ್ಬ ಹುಡುಗನನ್ನು ನಿಲ್ಲಿಸಿಯೂ ನಾವು ಗೆದ್ದೆವು. ಒಂದು ತಂಡ ಹೊಳೆಗೆ ನೆರೆ ಬಂದು ದಾಟಲಾಗದೆ ಬರಲಿಲ್ಲ. ಇನ್ನೊಂದು ಪಂದ್ಯದಲ್ಲಿ ಚೆಂಡು ಕೆಸರಿನಲ್ಲಿ ಹೂತು, ಎದುರಾಳಿಯ ಕಾಲಿಗೆ ತಾಗಿ ಅವರದೇ ಗೋಲಿಗೆ ಹೋಯಿತು. ಹೀಗೆ ಕುಂಟುತ್ತ ಸೆಮಿಫೈನಲಿಗೆ ಬಂದೆವು. ಎದುರಿಗೆ ಭಟ್ಕಳದವರು. ಪಂದ್ಯ ಸಂಜೆ ನಾಲ್ಕಕ್ಕೆ.

ಆವತ್ತು ಬೆಳಿಗ್ಗೆ ಏಳು ಗಂಟೆಗೆ ಅತ್ತೆ ತೀರಿಕೊಂಡಳು.

ಅವ್ವ ಸುದ್ದಿ ಕೇಳಿದ ಕಾಲಲ್ಲೇ ಓಡಿದಳು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಹಿತ್ತಿಲಿನಿಂದ ಹೋದರು. ಗಂಡಸರು ಒಬ್ಬರೂ ಹೋಗಲಿಲ್ಲ. ಭಾವನ ತಂಗಿಯನ್ನು ಕುಮಟೆಗೆ ಕೊಟ್ಟಿತ್ತು. ಅವಳು ಬಸ್ಸು ಹಿಡಿದು ಬರುವವರೆಗೆ ಕಾಯಬೇಕು, ಹೊತ್ತು ಮುಳುಗುವ ಮೊದಲು ಸುಡಬೇಕು. ಪರ್ಸೀನ್ ಬೋಟಿನವರಾದರೂ ಬರುತ್ತಿದ್ದರೇನೋ, ಆದರೆ ಮಳೆಗಾಲಕ್ಕೆ ಅವರೆಲ್ಲ ತೆಂಕಣದ ತಮ್ಮ ಊರಿಗೆ ಹೋಗಿದ್ದರು. ಮಗನಾದವನು ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕು, ಅವನು ಹೆಗಲು ಕೊಡುವ ಹಾಗಿಲ್ಲ. ನಾಲ್ಕು ಗಂಡಸರು ಬೇಕು. ಎಂಬತ್ತು ಮನೆಯ ಕೇರಿಯಲ್ಲಿ ನಾಲ್ಕು ಹೆಗಲು ಇರಲಿಲ್ಲ.

ಅಪ್ಪ ದೋಣಿಯ ಮರೆಯಲ್ಲಿ ಮಳೆಗೆ ಕೂತಿದ್ದ. ನಾನು ಹತ್ತಿರ ಹೋದೆ. ಅವನು ನನ್ನ ಕಡೆ ತಿರುಗದೆ, "ಬರದದ್ದು ನೀನು. ಓದಿದ್ದು ನೀನು. ಅಳ್ಸೂದೂ ನೀನೇ ಅಳಸ್ಬೇಕು, ನಾ ಅಲ್ಲ" ಎಂದ. ಅದಕ್ಕಿಂತ ಸ್ಪಷ್ಟವಾಗಿ ಒಬ್ಬ ಅಪ್ಪ ಮಗನಿಗೆ ಬೇಡಿಕೊಳ್ಳುವುದು ಹೇಗೆ? ನಾನು ಬಯಲಿಗೆ ಬಂದು, ಆ ಎರಡನೇ ವಾಕ್ಯ ಯಾರೂ ಹೇಳಿದ್ದಲ್ಲ, ಚಂದ ಕಾಣಲಿ ಅಂತ ನಾನೇ ಸೇರಿಸಿದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಐವತ್ತು ಜನ ಎದ್ದು ಬರುತ್ತಿದ್ದರು. ಅವರೆಲ್ಲ ಬಾಗಿಲಲ್ಲಿ ಕೂತು ಅದನ್ನೇ ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು.

ನಾನು ಏನು ಹೇಳಿದೆ ಗೊತ್ತೆ? "ಠರಾವು ರದ್ದು ಮಾಡೂಕೆ ಸಭೆ ಕರೀಬೇಕು. ಮೂರು ದಿನ ಮುಂಚೆ ತಿಳಸ್ಬೇಕು" ಎಂದೆ. ಅಪ್ಪನಿಗೆ ಹೇಳಿದೆ ಇದನ್ನು, ಹೆಬ್ಬೆಟ್ಟಿನ ಅಪ್ಪನಿಗೆ. ಪಂದ್ಯ ಮುಗಿಸಿ ಬಂದು ನೋಡುವಾ ಎಂದು ನಾನು ಆಟಗಾರರನ್ನು ಕರೆದುಕೊಂಡು ಮೈದಾನಕ್ಕೆ ಹೊರಟೆ. ಅತ್ತೆಯ ಮನೆಯ ಎದುರಿನ ದಾರಿ ಬಿಟ್ಟು ಗದ್ದೆಯ ಬದುವಿನ ಹಾಳಿ ಹಿಡಿದು ಹೋದೆವು. ಹತ್ತು ಜನರಲ್ಲಿ ಒಬ್ಬನೂ ನನ್ನ ಜತೆ ಮಾತಾಡಲಿಲ್ಲ, ಆದರೆ ಒಬ್ಬನೂ ಹಿಂದೆ ಉಳಿಯಲೂ ಇಲ್ಲ. ಸೆಕ್ರೆಟರಿ ನಡೆಯುತ್ತಿದ್ದಾನಲ್ಲ ಎಂದು ಅವರೂ ನಡೆದರು.

ನಾಲ್ಕಕ್ಕೆ ಎರಡೂ ತಂಡ ಮೈದಾನಕ್ಕಿಳಿದವು. ಸಣ್ಣ ಮಳೆ. ಭಟ್ಕಳದ ಕ್ಯಾಪ್ಟನ್ ನಮ್ಮ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಹಿಂದಿನ ಪಂದ್ಯಗಳನ್ನು ಅವನು ನೋಡಿರಲಿಲ್ಲ.

"ನಿಮ್ಮ ಒಂಬತ್ತು ನಂಬರ್ ಎಲ್ಲಿ ಭಾಯ್?" ಎಂದು ಕೇಳಿದ.

"ಅವ ಈಗ ಕ್ಲಬ್ಬಿನಲ್ಲಿಲ್ಲ" ಎಂದೆ.

"ಯಾಕೆ, ಕಾಲಿಗೆ ಪೆಟ್ಟಾ?"

ನಮ್ಮ ಲೆಫ್ಟ್ ಬ್ಯಾಕ್ ನೆಲ ನೋಡಿಕೊಂಡು, "ಅವನ ಅಮ್ಮ ತೀರ್ಕಂಡ್ರು, ಬೆಳಿಗ್ಗೆ" ಎಂದುಬಿಟ್ಟ.

"ಗಂಜಿ ಅಮ್ಮ?" ಅವನ ದನಿ ಬದಲಾಯಿತು. "ಮಣ್ಣು ಆಯ್ತಾ?"

"ಇಲ್ಲ. ಹೊರೂಕೆ ಜನ ಇಲ್ಲ" ಎಂದ ಲೆಫ್ಟ್ ಬ್ಯಾಕ್. ಹೇಳುತ್ತಲೇ ಅವನಿಗೆ ಅಳು ಬಂತು.

ಕ್ಯಾಪ್ಟನ್ ನಮ್ಮ ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಲೆಕ್ಕ ತಪ್ಪಿತೇ ಎಂದು ನೋಡುವವರ ಹಾಗೆ. "ಮತ್ತೆ ನೀವೆಲ್ಲ ಇಲ್ಲಿ ಎಂತ ಮಾಡ್ತಾ ಇದ್ದೀರಿ?" ಎಂದ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅವನು ತನ್ನವರ ಕಡೆ ತಿರುಗಿ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಎರಡು ಮಾತು ಹೇಳಿ, ಒದ್ದೆ ಹುಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ. ಹನ್ನೊಂದು ಜನವೂ ಬಿಚ್ಚಿದರು.

ರೆಫರಿ ಒಬ್ಬ ಡ್ರಿಲ್ ಮಾಸ್ತರರು. ಓಡಿ ಬಂದು, "ಆಡದೆ ಹೋದರೆ ನೀವು ಸೋತ ಹಾಗೆ" ಎಂದರು.

"ಬರ್ಕೊಳ್ಳಿ ಸರ್, ಸೋತ್ವಿ ಅಂತ" ಎಂದು ಅವನು ಬೂಟು ಕೈಯಲ್ಲಿ ಹಿಡಿದು ನಡೆದ. ಅವರ ಟೆಂಪೊ ಕೇರಿಯ ಕಡೆ ತಿರುಗಿದ್ದು ನಮಗೆಲ್ಲ ಕಾಣಿಸಿತು.

ಆ ಕಾಲದ ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಒಂದು ಕ್ರಮವಿತ್ತು. ಎದುರಾಳಿ ಬಾರದೆ ಗೆದ್ದವರು ಸುಮ್ಮನೆ ಗೆದ್ದೆವೆಂದು ಹೋಗುವ ಹಾಗಿಲ್ಲ. ಹನ್ನೊಂದು ಜನ ಅವರವರ ಜಾಗದಲ್ಲಿ ನಿಲ್ಲಬೇಕು, ಸೀಟಿ ಊದಬೇಕು, ಯಾರಾದರೂ ಒಬ್ಬ ಚೆಂಡನ್ನು ಆಚೆಯ ಖಾಲಿ ಗೋಲಿಗೆ ಹೊಡೆಯಬೇಕು. ಆಗಲೇ ಅದು ಪುಸ್ತಕಕ್ಕೆ ಸೇರುವುದು. ಕ್ರಮದಂತೆ ಮುಕ್ಕಾಲು ಗಂಟೆ ಕಾದು ಡ್ರಿಲ್ ಮಾಸ್ತರರು ಸೀಟಿ ಊದಿದರು. ಚೆಂಡು ಮೈದಾನದ ನಡುವೆ ಇತ್ತು. ಯಾರೂ ಅದರ ಹತ್ತಿರ ಹೋಗಲಿಲ್ಲ. ಮತ್ತೊಮ್ಮೆ ಊದಿದರು. ಲೆಫ್ಟ್ ಬ್ಯಾಕ್ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದ. ಕ್ರಮ ಅಂದರೆ ಕ್ರಮ ಅಂತ ಆಗಲೂ ನನ್ನ ತಲೆಯಲ್ಲಿ ಓಡುತ್ತಿತ್ತು. ನಾನು ನಮ್ಮ ಗೋಲು ಬಿಟ್ಟು ಮುಂದೆ ನಡೆದು, ಚೆಂಡನ್ನು ತಳ್ಳಿಕೊಂಡು ಇಡೀ ಮೈದಾನ ದಾಟಿದೆ. ಅಡ್ಡ ಬರುವವರು ಯಾರೂ ಇಲ್ಲ. ಹತ್ತು ಹೆಜ್ಜೆಯಿಂದ ಹೊಡೆದೆ. ಗೋಲ್‌ಕೀಪರನಾಗಿ ಹದಿಮೂರು ವರ್ಷ ಆಡಿದವನ ಒಂದೇ ಒಂದು ಗೋಲು ಅದು.

ಹೀಗೆ ನಮ್ಮ ಕ್ಲಬ್ಬು ಫೈನಲ್ ತಲುಪಿತು. ಚರಿತ್ರೆಯ ಉಳಿದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಫೈನಲ್ ಕುಮಟೆಯವರ ಜತೆ ಇತ್ತು. ಆ ದಿನ ನಮ್ಮವರು ಮೈದಾನಕ್ಕೆ ಬಂದದ್ದು ನಾಲ್ಕು ಜನ. ಕುಮಟೆಯವರು ನಮ್ಮ ಖಾಲಿ ಗೋಲಿಗೆ ಹೊಡೆದು ಕಪ್ಪು ಒಯ್ದರು. ಮುಂದಿನ ಮಳೆಗಾಲಕ್ಕೆ ಚೆಂಡಿಗೆ ಗಾಳಿ ತುಂಬುವವರೂ ಇರಲಿಲ್ಲ. ರಂಪಣಿ ಇನ್ನೆರಡು ವರ್ಷ ಉಸಿರಾಡಿ ನಿಂತಿತು. ಬಲೆಯನ್ನು ಬಿಚ್ಚಿ ಮನೆಮನೆಗೆ ಅವರವರ ತುಂಡು ಹಂಚಿದರು. ಪರ್ಸೀನನ್ನು ಉಗಿದ ಹಿರಿಯರ ಮಕ್ಕಳೆಲ್ಲ ಪರ್ಸೀನ್ ಹತ್ತಿದರು, ಅವರ ಮೇಲೆ ಯಾರೂ ಠರಾವು ಬರೆಯಲಿಲ್ಲ. ಭಾವ ಮನೆ ಕೊಟ್ಟು ಭಟ್ಕಳಕ್ಕೆ ಹೋದ. ಅಲ್ಲಿಯ ಬಂದರಿನಲ್ಲಿ ದುಡಿದ, ಅಲ್ಲಿಯ ತಂಡಕ್ಕೆ ಆಡಿದ ಎಂದು ಕೇಳಿದ್ದೇನೆ. ಅಪ್ಪ ಸಾಯುವವರೆಗೂ ನನ್ನನ್ನು ಒಂದು ಮಾತು ಅನ್ನಲಿಲ್ಲ, ಒಂದು ಕಾಗದ ಬರೆಯಲೂ ಹೇಳಲಿಲ್ಲ. ಅರ್ಜಿ ಬೇಕಾದಾಗ ಪೇಟೆಗೆ ಹೋಗಿ ಬೇರೆಯವರಿಂದ ಬರೆಸುತ್ತಿದ್ದ.

ಆವತ್ತು ಗೋಲು ಹೊಡೆದ ಮೇಲೆ ನಾನು ಓಡಿದೆ. ಗದ್ದೆಯ ಹಾಳಿ ಬಿಟ್ಟು ನೇರ ದಾರಿಯಲ್ಲೇ ಓಡಿದೆ. ಆಗ ಯಾವ ಠರಾವೂ ನೆನಪಿರಲಿಲ್ಲ. ಅತ್ತೆಯ ಮನೆ ಖಾಲಿಯಾಗಿತ್ತು, ಹೆಂಗಸರು ಮಾತ್ರ ಇದ್ದರು. ಕಡಲ ದಂಡೆಗೆ ಹೋದೆ. ಮಳೆ ನಿಂತಿತ್ತು. ತೆಂಗಿನ ಗರಿಯ ಮಾಡಿನ ಕೆಳಗೆ ಆಗಲೇ ಬೆಂಕಿ ಹಿಡಿದಿತ್ತು. ಭಟ್ಕಳದವರು ಅವಳನ್ನು ಹೊತ್ತು ಕೇರಿಯ ನಡುವಿನಿಂದ ಬರುವಾಗ ಗಂಡಸರೆಲ್ಲ ನಾಚಿ ಬಾಗಿಲು ಬಿಟ್ಟು ಎದ್ದು ಹಿಂದೆ ಬಂದಿದ್ದರು. ಕೇರಿಯ ಗಂಡಸರಷ್ಟೂ ಅಲ್ಲಿದ್ದರು. ಅಪ್ಪ ಮೊಣಕಾಲೂರಿ ಚಿತೆಗೆ ತೆಂಗಿನ ಗೆರಟೆ ಸುರಿಯುತ್ತಿದ್ದ. ಬಾರದೆ ಉಳಿದವರು ನಾವು ಹನ್ನೊಂದು ಜನ ಮಾತ್ರ.

ಭಾವ ಒದ್ದೆ ಪಂಚೆಯಲ್ಲಿ ನಿಂತಿದ್ದ. ತಲೆ ಆಗಲೇ ಬೋಳಿಸಿತ್ತು. ನಾನು ಅವನ ಎದುರು ಹೋಗಿ ನಿಂತೆ. ಮೈಮೇಲೆ ಕ್ಲಬ್ಬಿನ ಬನಿಯನ್ನು ಹಾಗೇ ಇತ್ತು. ಅವನೇ ಮಾತಾಡಿದ.

"ಪಂದ್ಯ ಎಂತ ಆತು?"

"ಗೆದ್ದೆವು" ಎಂದೆ.

"ಗೋಲು?"

"ಒಂದು."

"ಯಾರು ಹೊಡದದ್ದು?"

ಸುಳ್ಳು ಹೇಳಬಹುದಿತ್ತು. ಬೇರೆ ಯಾರ ಹೆಸರು ಹೇಳಿದರೂ ನಡೆಯುತ್ತಿತ್ತು, ಅವನು ಹೋಗಿ ವಿಚಾರಿಸುತ್ತಿರಲಿಲ್ಲ. "ನಾನು" ಎಂದೆ.

ಅವನು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಏನೂ ಇರಲಿಲ್ಲ. "ಆತು" ಎಂದ. ಅಷ್ಟರಲ್ಲಿ ಚಿತೆಯ ತಲೆಯ ಬದಿ ಒಂದು ಕೊರಡು ಜಾರಿತು. ನಾನು ಎರಡು ಹೆಜ್ಜೆ ಮುಂದಿಟ್ಟೆ, ನಾನೇ ಹತ್ತಿರವಿದ್ದೆ. ಭಾವ ನನ್ನ ಹೆಗಲಿನ ಆಚೆ ನೋಡಿ, ದೂರದಲ್ಲಿ ನಿಂತಿದ್ದ ಭಟ್ಕಳದ ಗೋಲ್‌ಕೀಪರನನ್ನು ಕರೆದ.

"ಅಮ್ಮನ ತಲೆ ಬದಿ ಜಾರ್ತಾ ಉಂಟು. ನೀ ಬಾ, ಒಂಚೂರು ಹಿಡಿ" ಎಂದ.

ಅವನು ಬರಿಗಾಲಲ್ಲಿ ಓಡಿ ಬಂದ. ನಾನು ಅವನಿಗೆ ದಾರಿ ಬಿಟ್ಟು ನಿಂತೆ.